ಸ್ಕ್ಯಾನಿಂಗ್‌ಗೆ ಚುಚ್ಚುವ ಲೋಹ ಮೈಯಲ್ಲೇ ಉಳಿಯುತ್ತಾ?

"ಮೇಷ್ಟ್ರೇ, ಎಂಆರ್‌ಐಗೆ ಮುಂಚೆ ನರಕ್ಕೆ ಚುಚ್ತಾರಲ್ಲ ಗ್ಯಾಡೋಲಿನಿಯಂ, ಅದು ಲೋಹ ಅಂತೆ. ಮೈಯಲ್ಲೇ ಉಳ್ಕೊಳಲ್ವಾ?" ಚಿಕ್ಕಬಳ್ಳಾಪುರದಲ್ಲಿ ಕೆಮಿಸ್ಟ್ರಿ ಪಾಠ ಹೇಳುವ ನನಗೆ ಮದುವೆ ಮನೆ ಪಂಕ್ತಿಯಲ್ಲೂ ಈ ಪ್ರಶ್ನೆ ಬಂದಿದೆ. ಕೇಳುವವರು ಹೆಚ್ಚಾಗಿ ದ್ರಾಕ್ಷಿ ತೋಟದವರು. ಅರ್ಧ ಉತ್ತರ ಅವರಿಗೆ ಆಗಲೇ ಗೊತ್ತಿರುತ್ತೆ.

ಜಿಂಕ್ ಸಲ್ಫೇಟನ್ನು ಫಾಸ್ಫೇಟ್ ಗೊಬ್ಬರವಾದ ಡಿಎಪಿ ಕರಗಿಸಿದ ನೀರಿಗೆ ಸುರಿದರೆ ಡ್ರಮ್ಮಿನ ತಳದಲ್ಲಿ ಬಿಳಿ ಗಸಿ ಕೂರುತ್ತೆ. ಜಿಂಕ್, ಅಂದರೆ ಸತು, ಫಾಸ್ಫೇಟಿನ ಪಾಲಾಯ್ತು, ಗಿಡಕ್ಕೆ ದಕ್ಕಲಿಲ್ಲ. ಅದಕ್ಕೇ ದುಬಾರಿಯಾದರೂ ಗೊಬ್ಬರದಂಗಡಿಯಲ್ಲಿ ಇಡಿಟಿಎ ಜಿಂಕ್ ಕೇಳ್ತೀವಿ. ಅದರಲ್ಲಿ ಸತುವನ್ನು ಇಡಿಟಿಎ ಅನ್ನೋ ಅಣು ಏಡಿ ಕೊಂಡಿ ಹಾಕಿದ ಹಾಗೆ ಹಿಡಿದಿರುತ್ತೆ. 'ಚೀಲೇಟ್' ಪದ ಹುಟ್ಟಿದ್ದೇ ಏಡಿ ಕೊಂಡಿಯ ಗ್ರೀಕ್ ಹೆಸರಿನಿಂದ.

ಗ್ಯಾಡೋಲಿನಿಯಂ ಕಥೆಯೂ ಇದೇ. ಬರಿಯ ಅಯಾನು ರಕ್ತಕ್ಕೆ ಬಿದ್ದರೆ ಮೈಯ ಫಾಸ್ಫೇಟ್ ಜೊತೆ ಗಸಿಯಾಗುತ್ತೆ. ಗಾತ್ರದಲ್ಲಿ ಕ್ಯಾಲ್ಸಿಯಂಗೆ ಹತ್ತಿರವಿರೋದರಿಂದ ನರ, ಸ್ನಾಯುಗಳಲ್ಲಿ ಅದರ ದಾರಿಗೂ ಅಡ್ಡ ನಿಲ್ಲುತ್ತೆ. ಹಾಗಾಗಿ 1988ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಔಷಧಿಯಲ್ಲೇ ಅದನ್ನು ಇಡಿಟಿಎಯ ದಾಯಾದಿ ಡಿಟಿಪಿಎ ಕೈಗೆ ಕೊಟ್ಟಿದ್ದರು. ಗ್ಯಾಡೋಲಿನಿಯಂಗೆ ಒಂಬತ್ತು ಕಡೆ ಹಿಡಿತ ಸಿಗುತ್ತೆ. ಎಂಟನ್ನು ಡಿಟಿಪಿಎ ಹಿಡಿಯುತ್ತೆ, ಒಂಬತ್ತನೆಯದು ನೀರಿಗೆ. ನನಗೆ ಬಹಳ ಇಷ್ಟ ಈ ಒಂದು ಖಾಲಿ ಜಾಗ. ನೀರಿನ ಅಣುಗಳು ಒಂದಾದ ಮೇಲೊಂದು ಅಲ್ಲಿ ಕೂತು ಎದ್ದುಹೋಗ್ತಾ ಇರ್ತವೆ. ಲೋಹದ ಏಳು ಒಂಟಿ ಎಲೆಕ್ಟ್ರಾನುಗಳ ಕಾಂತಬಲ ತಗುಲಿ, ಮೆಷೀನು ಕದಲಿಸಿದ್ದ ಆ ನೀರಿನ ಹೈಡ್ರೋಜನ್ ಬೇಗ ಮೊದಲಿನ ಸ್ಥಿತಿಗೆ ಮರಳುತ್ತೆ, ಚಿತ್ರದಲ್ಲಿ ಆ ಜಾಗ ಬೆಳ್ಳಗೆ ಕಾಣುತ್ತೆ. ಇಷ್ಟೆಲ್ಲ ಮಾಡಿದರೂ ಮೆಷೀನು ನೋಡೋದು ನೀರನ್ನೇ.

ಈಗ ಉಳಿಯುತ್ತಾ ಅನ್ನೋದು. 60 ಕಿಲೋ ತೂಕದವರ ಸಾಮಾನ್ಯ ಡೋಸಿನಲ್ಲಿ ಒಂದು ಗ್ರಾಂಗೆ ಚೂರು ಕಮ್ಮಿ ಲೋಹ ಇರುತ್ತೆ. ಕಿಡ್ನಿ ಸರಿಯಿದ್ದರೆ ಸುಮಾರು ಒಂದೂವರೆ ಗಂಟೆಗೊಮ್ಮೆ ರಕ್ತದಲ್ಲಿರೋದು ಅರ್ಧಕ್ಕಿಳಿಯುತ್ತೆ, ಒಂದು ದಿನದಲ್ಲಿ ಬಹುಪಾಲು ಮೂತ್ರದಲ್ಲಿ ಹೋಗುತ್ತೆ. ಚೂರುಪಾರು ಉಳಿಯೋದೂ ನಿಜ. ಮೂಳೆಯಲ್ಲಿ, ಮಿದುಳಲ್ಲೂ ಸಿಕ್ಕಿದೆ. ಮಿದುಳಲ್ಲಿ ಉಳಿದದ್ದರಿಂದ ತೊಂದರೆಯಾಯ್ತು ಅನ್ನೋದು ಸಾಬೀತಾಗಿಲ್ಲ. ಕಿಡ್ನಿ ಕೆಟ್ಟವರ ಮಾತು ಬೇರೆ: ಅವರಲ್ಲಿ ಚರ್ಮ ಗಡುಸಾಗುವ ಒಂದು ಕಾಯಿಲೆಗೂ ಈ ಔಷಧಿಗೂ ನಂಟಿದೆ ಅಂತ 2006ರಲ್ಲಿ ಗೊತ್ತಾಯ್ತು.

ಲೋಹ ಹಿಡಿಯೋ ಅಣುಗಳಲ್ಲೂ ಎರಡು ಜಾತಿ. ಡಿಟಿಪಿಎಯಂಥ ತೆರೆದ ಸರಪಳಿ ಎತ್ತಿಗೆ ಬಿಗಿದ ಹಗ್ಗದ ಹಾಗೆ, ಸಡಿಲವಾಗಬಹುದು. ಡೋಟಾದಂಥ ಉಂಗುರದ ಅಣು ದೊಡ್ಡಿಯಿದ್ದಂತೆ, ಒಳಗೆ ಹೋದದ್ದು ಸುಲಭಕ್ಕೆ ಆಚೆ ಬರಲ್ಲ. ಯುರೋಪು 2017ರಲ್ಲಿ ಸರಪಳಿ ಜಾತಿಯ ಕೆಲವು ಔಷಧಿಗಳನ್ನು ನಿಲ್ಲಿಸಿತು.

ಹಾಗಾಗಿ ನಾನು ತಿರುಗಿ ಕೇಳೋದು ಎರಡೇ. ಕಿಡ್ನಿ ಹೇಗಿದೆ ಅಂತ ತೋರಿಸೋ ರಕ್ತದ ಕ್ರಿಯಾಟಿನಿನ್ ಎಷ್ಟಿದೆ? ಬಾಟಲಿಯಲ್ಲಿರೋದು ಸರಪಳಿನಾ, ಉಂಗುರಾನಾ? ಗೊತ್ತಿಲ್ಲದಿದ್ದರೆ ಚುಚ್ಚಿಸಿಕೊಳ್ಳೋಕೆ ಮುಂಚೆ ಸ್ಕ್ಯಾನಿಂಗ್ ಸೆಂಟರಿನವರನ್ನು ಕೇಳಿ, ಸಂಕೋಚ ಬೇಡ. ಇಡಿಟಿಎ ಜಿಂಕ್ ಪೊಟ್ಟಣದ ಮೇಲೆ 12 ಪರ್ಸೆಂಟ್ ಇದೆಯಾ ಅಂತ ಓದಿ ನೋಡಿಯೇ ದುಡ್ಡು ಕೊಡೋರು ನಾವು.