‘ಡ್ರಾ’ ಎಂದರೆ ಸೇದುವುದೋ, ಹಿರಿಯುವುದೋ, ಎತ್ತುವುದೋ

ಕಳೆದ ತಿಂಗಳು ಬಸವನಗುಡಿಯ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಖಾಲಿ ಹೊಟ್ಟೆಯಲ್ಲಿ ಸರದಿಗಾಗಿ ಕಾದು ಕುಳಿತಿದ್ದಾಗ, ಎದುರಿನ ಬಾಗಿಲ ಮೇಲೆ ‘ರಕ್ತ ಚಿತ್ರಿಸುವ ಕೊಠಡಿ’ ಎಂಬ ಫಲಕ ಕಣ್ಣಿಗೆ ಬಿತ್ತು. ಪಕ್ಕದಲ್ಲಿದ್ದ ಹಿರಿಯರೊಬ್ಬರು ಅದನ್ನು ಎರಡು ಸಲ ಓದಿದರು. ಆಮೇಲೆ ಕನ್ನಡಕ ತೆಗೆದು, ಪಂಚೆಯ ಅಂಚಿನಲ್ಲಿ ಒರೆಸಿಕೊಂಡು, ಮೂರನೆಯ ಸಲವೂ ಓದಿದರು. ಇಂಗ್ಲಿಷಿನ ‘ಬ್ಲಡ್ ಡ್ರಾ ರೂಮ್’ ಎಂಬುದನ್ನು ಯಾರೋ, ಅಥವಾ ಯಾವುದೋ ಯಂತ್ರವೋ, ಕನ್ನಡಕ್ಕೆ ತಿರುಗಿಸಿದ ಫಲವಿದು. ಯಾವ ನಿಘಂಟು ತೆರೆದರೂ ‘ಡ್ರಾ’ ಎಂಬುದರ ಮುಂದೆ ‘ಚಿತ್ರಿಸು’ ಎಂಬ ಅರ್ಥ ಇದ್ದೇ ಇರುತ್ತದೆ. ಅರ್ಥ ಸರಿಯಾಗಿದ್ದೂ ಮಾತು ತಪ್ಪಾಗುವ ಈ ಬಗೆ ನನ್ನನ್ನು ಮನೆಗೆ ಬಂದ ಮೇಲೂ ಬಿಡಲಿಲ್ಲ.

ಇಂಗ್ಲಿಷಿನವರಿಗೆ ಇದು ಮೂಲದಲ್ಲಿ ಒಂದೇ ಕೆಲಸ: ಎಳೆಯುವುದು. ಹಳೆಯ ಇಂಗ್ಲಿಷಿನ ‘ದ್ರಾಗನ್’ ಎಂಬ ಕ್ರಿಯಾಪದದಿಂದ ಬಂದ ಇದಕ್ಕೆ ‘ಡ್ರ್ಯಾಗ್’ ಹತ್ತಿರದ ಬಂಧು. ಮೇಜಿನಿಂದ ಎಳೆಯುವುದರಿಂದ ಅದು ಡ್ರಾಯರ್. ಊಟದ ನಂತರ ಹಿಂದೆ ಸರಿದು ಕುಳಿತುಕೊಳ್ಳುವ ‘ವಿತ್‌ಡ್ರಾಯಿಂಗ್ ರೂಮ್’ ತಲೆ ಕಳೆದುಕೊಂಡು ಡ್ರಾಯಿಂಗ್ ರೂಮ್ ಆಯಿತು. ಪೀಪಾಯಿಯಿಂದ ಎಳೆದುಕೊಡುವ ಡ್ರಾಫ್ಟ್ ಬಿಯರ್, ಬ್ಯಾಂಕಿನ ಡಿಮ್ಯಾಂಡ್ ಡ್ರಾಫ್ಟ್, ನಾವು ಕರಡು ಎನ್ನುವ ಪತ್ರದ ಡ್ರಾಫ್ಟ್, ಇವೆಲ್ಲವೂ ಇದೇ ಬೇರಿನ ಚಿಗುರುಗಳು. ಕಾಗದದ ಮೇಲೆ ಲೇಖನಿಯನ್ನು ಎಳೆದರೆ ಗೆರೆ, ಗೆರೆಗಳು ಕೂಡಿದರೆ ಚಿತ್ರ. ಹೀಗಾಗಿಯೇ ಚಿತ್ರ ಬರೆಯುವುದಕ್ಕೂ ಅದೇ ಪದ.

ಕನ್ನಡ ಹೀಗೆ ಒಂದೇ ಪದವನ್ನು ಎಲ್ಲ ಕಡೆಗೂ ಕಳಿಸುವುದಿಲ್ಲ. ಏನನ್ನು, ಎಲ್ಲಿಂದ ಎಂದು ಮೊದಲು ಕೇಳುತ್ತದೆ. ಬಾವಿಯಿಂದ ನೀರನ್ನು ಸೇದುತ್ತೇವೆ, ಒರೆಯಿಂದ ಕತ್ತಿಯನ್ನು ಹಿರಿಯುತ್ತೇವೆ, ತೇರನ್ನು ಎಳೆಯುತ್ತೇವೆ, ನೋಡುವವರ ಗಮನವನ್ನು ಸೆಳೆಯುತ್ತೇವೆ. ಚಾಮರಾಜಪೇಟೆಯ ನಮ್ಮ ಹಳೆಯ ಬಾಡಿಗೆ ಮನೆಯ ಹಿತ್ತಲಲ್ಲಿ ಒಂದು ಸೇದುವ ಬಾವಿಯಿತ್ತು. ರಾಟೆಯ ಕಿರುಗುಟ್ಟುವಿಕೆ, ಕೊಡ ನೀರಿಗೆ ಮುಳುಗುವಾಗಿನ ಗುಳುಗುಳು, ಒದ್ದೆ ಹಗ್ಗವನ್ನು ಒಂದು ಕೈಯಿಂದ ಹಿಡಿದು ಇನ್ನೊಂದು ಕೈಯಿಂದ ಮುಂದಿನ ಗೇಣನ್ನು ತಂದುಕೊಳ್ಳುವ ಆ ಲಯ, ಇಷ್ಟೂ ‘ಸೇದು’ ಎಂಬ ಎರಡಕ್ಷರದಲ್ಲಿದೆ. ‘ಎಳೆ’ ಎಂದರೆ ಹಗ್ಗ ಮಾತ್ರ ಕಾಣುತ್ತದೆ, ನೀರು ಕಾಣುವುದಿಲ್ಲ. ಅದೇ ಮನೆಯ ಮಾಲೀಕರು ಬಾವಿಕಟ್ಟೆಯ ಮೇಲೆ ಕುಳಿತು ಸೇದುತ್ತಿದ್ದುದು ಬೀಡಿಯನ್ನು. ಒಳಗಿರುವ ದ್ರವವನ್ನೋ ಹೊಗೆಯನ್ನೋ ದಮ್ಮು ಹಾಕಿ ತನ್ನ ಕಡೆಗೆ ತಂದುಕೊಳ್ಳುವುದಕ್ಕೆ ಕನ್ನಡ ಒಂದೇ ಪದ ಸಾಕು ಎಂದಿತು. ವಿಚಿತ್ರವೆಂದರೆ ಇಂಗ್ಲಿಷೂ ಸಿಗರೇಟಿನ ವಿಷಯದಲ್ಲಿ ‘ಡ್ರಾ’ ಎನ್ನುತ್ತದೆ. ಎರಡು ಭಾಷೆಗಳು ಇಷ್ಟು ಅಚ್ಚುಕಟ್ಟಾಗಿ ಒಂದೇ ದಾರಿ ಹಿಡಿದ ಇನ್ನೊಂದು ಉದಾಹರಣೆ ಈ ಪದದ ಮಟ್ಟಿಗೆ ನನಗೆ ಸಿಗಲಿಲ್ಲ.

ಚಿತ್ರದ ವಿಷಯಕ್ಕೆ ಬಂದರೆ ನಮ್ಮಲ್ಲೇ ಒಮ್ಮತವಿಲ್ಲ. ಚಿತ್ರವನ್ನು ಬರೆಯುತ್ತೇವೆ, ಬಿಡಿಸುತ್ತೇವೆ. ಗೆರೆಯನ್ನು ಮಾತ್ರ ಎಳೆಯುತ್ತೇವೆ. ರಂಗೋಲಿಯನ್ನೋ ಹಾಕುತ್ತೇವೆ ಇಲ್ಲವೇ ಬಿಡುತ್ತೇವೆ. ರಂಗೋಲಿ ಪುಡಿ ಬೆರಳುಗಳ ಸಂದಿಯಿಂದ ಕೆಳಗೆ ಬೀಳುವುದೇ ಹೊರತು ನೆಲದ ಮೇಲೆ ಯಾವುದನ್ನೂ ಎಳೆಯುವುದಿಲ್ಲವಾದ್ದರಿಂದ ‘ಬಿಡು’ ಎಂಬುದೇ ಹೆಚ್ಚು ನಿಜವಾದ ಮಾತು. ‘ಚಿತ್ರಿಸು’ ಎಂಬ ಪದವನ್ನು ನಾನು ಮಾತಿನಲ್ಲಿ ಯಾರ ಬಾಯಿಂದಲೂ ಕೇಳಿದವನಲ್ಲ. ಅದು ವಿಮರ್ಶೆಯ ಪದ: ಲೇಖಕರು ಹಳ್ಳಿಯ ಬದುಕನ್ನು ಚಿತ್ರಿಸುತ್ತಾರೆ, ಮಕ್ಕಳು ಆನೆಯ ಚಿತ್ರ ಬರೆಯುತ್ತಾರೆ.

ಹಣದ ಜಾಗದಲ್ಲಿ ಬೆಂಗಳೂರಿಗರು ತಮ್ಮದೇ ದಾರಿ ಮಾಡಿಕೊಂಡಿದ್ದಾರೆ. ‘ಎಟಿಎಂಗೆ ಹೋಗಿ ಐದು ಸಾವಿರ ಡ್ರಾ ಮಾಡ್ಕೊಂಡು ಬರ್ತೀನಿ’ ಎನ್ನುವಾಗ ಇಂಗ್ಲಿಷಿನ ‘ವಿತ್‌ಡ್ರಾ’ ತನ್ನ ಮುಂಭಾಗವನ್ನು ಕಳೆದುಕೊಂಡು ಕನ್ನಡದ ‘ಮಾಡು’ವಿಗೆ ಅಂಟಿಕೊಂಡಿರುತ್ತದೆ. ಬ್ಯಾಂಕಿನ ಚೀಟಿಯಲ್ಲಿ ಅದು ‘ಹಿಂಪಡೆಯುವಿಕೆ’. ಬಾಯಿಗೆ ಒರಟಾದರೂ ಕಟ್ಟಿದ ರೀತಿ ಚೊಕ್ಕವಾಗಿದೆ, ಏಕೆಂದರೆ ‘ವಿತ್‌ಡ್ರಾ’ದಲ್ಲಿರುವ ‘ವಿತ್’ಗೆ ‘ಜೊತೆ’ ಎಂಬ ಅರ್ಥವಲ್ಲ, ‘ಹಿಂದಕ್ಕೆ’ ಎಂಬ ಹಳೆಯ ಅರ್ಥ. ಆದರೂ ಹಣಕ್ಕೂ ನಾಮಪತ್ರಕ್ಕೂ ‘ಹಿಂಪಡೆ’ ಎಂದೇ ಬರೆಯುವ ಅಭ್ಯಾಸ ನನಗೆ ಒಗ್ಗದು. ನಾಮಪತ್ರವನ್ನೋ ದೂರನ್ನೋ ಹಿಂತೆಗೆದುಕೊಳ್ಳಬೇಕು, ಹಣವನ್ನು ಸುಮ್ಮನೆ ತೆಗೆಯಬೇಕು. ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ‘ಡ್ರಾಯಿಂಗ್ ಆಫೀಸರ್’ ಎಂದರೆ ‘ಹಣ ಸೆಳೆಯುವ ಅಧಿಕಾರಿ’. ಖಜಾನೆಯಿಂದ ಸಿಬ್ಬಂದಿಯ ಸಂಬಳವನ್ನು ಪಡೆದು ಹಂಚುವ ಈ ಬಡಪಾಯಿಯನ್ನು ಚಿತ್ರಕಲಾ ಅಧಿಕಾರಿ ಮಾಡಲಿಲ್ಲವಲ್ಲ ಎಂದು ಸಮಾಧಾನಪಡಬಹುದಾದರೂ, ‘ಸೆಳೆ’ ಎಂಬಲ್ಲಿ ಏನೋ ಮೋಡಿ ಮಾಡಿ ಹಣ ಹೊಡೆದ ವಾಸನೆಯಿದೆ. ಚೆಕ್ಕಿನ ವಿಷಯದಲ್ಲಂತೂ ಗೊಂದಲವೇ ಇಲ್ಲ: 1881ರ ವರ್ಗಾವಣೀಯ ಲಿಖಿತಗಳ ಕಾಯ್ದೆಯ ‘ಡ್ರಾಯರ್’ ನಮ್ಮ ಪಾಲಿಗೆ ಚೆಕ್ ಬರೆದುಕೊಟ್ಟವನು.

ಬಡಾವಣೆಗಳ ಹೆಂಗಸರು ನಡೆಸುವ ಚೀಟಿ ವ್ಯವಹಾರದಲ್ಲಿ ಚೀಟಿಯನ್ನು ‘ಎತ್ತುತ್ತಾರೆ’. ಡಬ್ಬಿಯ ತಳದಿಂದ ಮಡಿಸಿದ ಕಾಗದ ಮೇಲೆ ಬರುವುದನ್ನು ಕಂಡವರಿಗೆ ಇಲ್ಲಿ ‘ಎಳೆ’ ಏಕೆ ಸಲ್ಲದು ಎಂದು ಹೇಳಬೇಕಾಗಿಲ್ಲ. ಕ್ರಿಕೆಟ್ಟಿನ ‘ಡ್ರಾ’ವನ್ನು ಮಾತ್ರ ಹಾಗೆಯೇ ಬಿಡುವುದು ಕ್ಷೇಮ. 2015ರ ನವೆಂಬರಿನಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ದಕ್ಷಿಣ ಆಫ್ರಿಕಾ ಮೊದಲ ದಿನ 214ಕ್ಕೆ ಆಲೌಟ್ ಆಗಿ, ಭಾರತ ವಿಕೆಟ್ ನಷ್ಟವಿಲ್ಲದೆ 80 ಗಳಿಸಿದ್ದಾಗ ಮಳೆ ಬಂದು ಉಳಿದ ನಾಲ್ಕು ದಿನಗಳನ್ನೂ ನುಂಗಿತು, ಎ.ಬಿ. ಡಿವಿಲಿಯರ್ಸ್ ಅವರ ನೂರನೆಯ ಟೆಸ್ಟ್ ಅದು. ಅದನ್ನು ‘ಸಮಬಲ’ ಎಂದು ಬರೆದರೆ ಸುಳ್ಳಾಗುತ್ತದೆ. ರನ್ನುಗಳು ಸಮವಾದರೆ ಅದು ಟೈ, ಪಂದ್ಯ ಮುಗಿಯದೆ ಹೋದರೆ ಅದು ಡ್ರಾ.

ಎಳೆತವೇ ಇಲ್ಲದ ಕಡೆ ಎರಡು ಭಾಷೆಗಳ ದಿಕ್ಕೇ ಬದಲಾಗುತ್ತದೆ. ಇಂಗ್ಲಿಷಿನವನು ತೀರ್ಮಾನವನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಾನೆ. ನಾವೇ ನಡೆದು ತೀರ್ಮಾನಕ್ಕೆ ಬರುತ್ತೇವೆ. ‘ತೀರ್ಮಾನವನ್ನು ಎಳೆಯಲಾಯಿತು’ ಎಂಬ ವಾಕ್ಯ ಒಂದು ವರದಿಯಲ್ಲಿ ನನ್ನ ಕೈಗೆ ತಿದ್ದಲು ಬಂದಿತ್ತು. ತೀರ್ಮಾನವನ್ನು ಮುಂದೂಡಿ ಎಳೆದಾಡಿದರು ಎಂದೇ ನಾನು ಮೊದಲು ತಿಳಿದುಕೊಂಡೆ. ಇನ್ನು ಪರದೆಯದು ಬೇರೆಯೇ ಕಥೆ. ‘ಡ್ರಾ ದ ಕರ್ಟನ್ಸ್’ ಎಂದರೆ ತೆರೆಯಬೇಕೋ ಮುಚ್ಚಬೇಕೋ ಎಂಬುದು ಇಂಗ್ಲಿಷಿನಲ್ಲಿ ಸಂದರ್ಭವನ್ನು ನೋಡಿಯೇ ತಿಳಿಯಬೇಕು. ನಮ್ಮ ಮನೆಯಲ್ಲಿ ಬೆಳಿಗ್ಗೆ ಪರದೆ ಸರಿಸು ಎನ್ನುತ್ತಾರೆ, ರಾತ್ರಿ ಪರದೆ ಎಳಿ ಎನ್ನುತ್ತಾರೆ, ಯಾರಿಗೂ ಅನುಮಾನ ಹುಟ್ಟುವುದಿಲ್ಲ.

ವರದಿ ತೆಗೆದುಕೊಳ್ಳಲು ಮರುದಿನ ಆ ಕೇಂದ್ರಕ್ಕೆ ಹೋದಾಗ, ‘ರಕ್ತದ ಮಾದರಿ ತೆಗೆಯುವ ಕೊಠಡಿ’ ಎಂದು ಒಂದು ಚೀಟಿಯಲ್ಲಿ ಬರೆದು, ಫಲಕ ಬದಲಾಯಿಸುವಾಗ ಹೀಗೆ ಬರೆಸಿ ಎಂದು ಕೌಂಟರಿನಲ್ಲಿದ್ದ ಹುಡುಗಿಗೆ ಕೊಟ್ಟೆ. ಆಕೆ ಅದನ್ನು ಓದಿ, ಹಿಂದಿರುಗಿ ಫಲಕವನ್ನು ನೋಡಿ, ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅಷ್ಟರಲ್ಲಿ ಬಂದ ಒಬ್ಬ ಹೆಂಗಸು ಎಲ್ಲಿ ಹೋಗಬೇಕೆಂದು ಕೇಳಿದಾಗ, ಹುಡುಗಿ ಫಲಕವನ್ನಾಗಲಿ ನನ್ನ ಚೀಟಿಯನ್ನಾಗಲಿ ನೋಡದೆ, ‘ಅಲ್ಲಿ ಒಳಗೆ ಹೋಗಿ ಬ್ಲಡ್ ಕೊಡಿ ಅಮ್ಮಾ’ ಎಂದಳು.