ಬಹಾಮಾಸ್ ಕ್ರೂಸ್: ‘ದ್ವೀಪ ತೆರೆದಿದೆ’ ಅಂದ ತಕ್ಷಣ ದುಡ್ಡು ಕಟ್ಟಬೇಡಿ

2022ರ ನವೆಂಬರ್ ಮೂರನೇ ವಾರ ನಾನು, ನನ್ನ ಗಂಡ, ಊರಿಂದ ಬಂದಿದ್ದ ಅಮ್ಮ, ಮೂವರೂ ಫ್ಲಾರಿಡಾದ ಪೋರ್ಟ್ ಕೆನವರಲ್‌ನಿಂದ ನಾಲ್ಕು ರಾತ್ರಿಯ ಬಹಾಮಾಸ್ ಕ್ರೂಸ್‌ಗೆ ಹೋಗಿದ್ದೆವು. ಥ್ಯಾಂಕ್ಸ್‌ಗಿವಿಂಗ್‌ಗೆ ಮುಂಚಿನ ವಾರ ಟಿಕೆಟ್ ಸ್ವಲ್ಪ ಕಡಿಮೆಗೆ ಸಿಕ್ಕಿತು. ಅಪ್ಪ ಅಮ್ಮ ಅಮೆರಿಕಕ್ಕೆ ಬಂದಾಗ ಒಂದು ಕ್ರೂಸ್ ಮಾಡಿಸೋಣ ಅಂತ ತುಂಬ ಜನ ಅಂದುಕೊಂಡಿರುತ್ತಾರೆ, ಅವರಿಗೋಸ್ಕರ ಇದನ್ನು ಬರೆಯುತ್ತಿದ್ದೇನೆ. ಹಡಗಿನ ಊಟ, ರೂಮು, ಶೋ ಎಲ್ಲ ಬಿಡಿ. ನಾನು ಹೇಳಬೇಕಾದದ್ದು ಹಡಗು ಮಧ್ಯೆ ಒಂದು ದಿನ ನಿಲ್ಲುವ, ಕ್ರೂಸ್ ಕಂಪನಿಯ ಪ್ರಯಾಣಿಕರಿಗೆಂದೇ ಇರುವ ಖಾಸಗಿ ದ್ವೀಪದ ವಿಷಯ.

ನಾವು ಹೊರಡುವ ಸುಮಾರು ಹತ್ತು ದಿನ ಮುಂಚೆ, ನವೆಂಬರ್ 9ಕ್ಕೆ, ನಿಕೋಲ್ ಚಂಡಮಾರುತ ಬಹಾಮಾಸ್‌ನ ಅಬಾಕೋ, ಗ್ರ್ಯಾಂಡ್ ಬಹಾಮಾ ದ್ವೀಪಗಳನ್ನು ದಾಟಿಕೊಂಡು ಮರುದಿನ ಬೆಳಗಿನ ಜಾವ ಫ್ಲಾರಿಡಾಕ್ಕೆ ಬಡಿದಿತ್ತು. ಡೇಟೋನಾ ಹತ್ತಿರ ದಂಡೆ ಮೇಲಿನ ಮನೆಗಳು ಕುಸಿದು ಬಿದ್ದಿದ್ದನ್ನು ಟಿವಿಯಲ್ಲಿ ನೋಡಿದ್ದೆವು. ಹಾಗಾಗಿ ಕ್ರೂಸ್ ಕಂಪನಿಗೆ ಫೋನ್ ಮಾಡಿ ಕೇಳಿದೆ. ದ್ವೀಪ ತೆರೆದಿದೆ, ಏನೂ ತೊಂದರೆ ಇಲ್ಲ ಅಂದರು. ನಂಬಿದೆ. ಅಮ್ಮನಿಗೆ ಮಂಡಿ ನೋವು, ನೆರಳಲ್ಲಿ ಕೂತು ಕಡಲು ನೋಡಲಿ ಅಂತ 350 ಡಾಲರ್ ಕೊಟ್ಟು ಒಂದು ಕಬಾನಾ, ಅಂದರೆ ದಂಡೆ ಮೇಲಿನ ನೆರಳಿನ ಗುಡಿಸಲು, ಬುಕ್ ಮಾಡಿದೆ.

ಬಂದರಿನ ಹತ್ತಿರದ ಹೋಟೆಲ್‌ಗಳು ಒಂದು ರಾತ್ರಿ ರೂಮು, ಕಾರ್ ಪಾರ್ಕಿಂಗ್, ಬಂದರಿಗೆ ಬಸ್ಸು ಎಲ್ಲ ಸೇರಿಸಿ ಒಂದು ಪ್ಯಾಕೇಜ್ ಕೊಡುತ್ತವೆ. ನಮ್ಮ ಹೋಟೆಲಿಗೆ ಇದ್ದದ್ದು ಒಂದೇ ವ್ಯಾನು. ಹೋಗುವಾಗ ಒಂದೂವರೆ ಗಂಟೆ, ಬರುವಾಗ ಎರಡು ಗಂಟೆ ಬಿಸಿಲಲ್ಲಿ ನಿಂತೆವು. ವಯಸ್ಸಾದವರು ಜೊತೆಗಿದ್ದರೆ ಬಂದರಿನದೇ ಗ್ಯಾರೇಜಿನಲ್ಲಿ ಕಾರು ಬಿಡಿ. ದಿನಕ್ಕೆ ನಾಲ್ಕು ಕಾಸು ಜಾಸ್ತಿ ಆದರೂ ಹಡಗಿನ ಬಾಗಿಲವರೆಗೆ ನಡೆದೇ ಹೋಗಬಹುದು.

ಈಗ ದ್ವೀಪಕ್ಕೆ ಬರೋಣ. ನಮ್ಮ ಹಡಗು ದೂರದಲ್ಲಿ ನಿಂತು, ಜನರನ್ನು ಚಿಕ್ಕ ದೋಣಿಯಲ್ಲಿ ದಡಕ್ಕೆ ಬಿಡುತ್ತದೆ. ಆವತ್ತು ಅಲೆ ಇನ್ನೂ ಜೋರಿತ್ತು. ದೋಣಿ ಒಂದಡಿ ಮೇಲೆ, ಒಂದಡಿ ಕೆಳಗೆ ಆಡುತ್ತಿತ್ತು. ಇಬ್ಬರು ಸಿಬ್ಬಂದಿ ಅಮ್ಮನ ತೋಳು ಹಿಡಿದು, ದೋಣಿ ಮೇಲೆ ಬಂದ ಕ್ಷಣ ನೋಡಿ ದಾಟಿಸಿದರು. ಅವರ ಉಪಕಾರ ಮರೆಯುವುದಿಲ್ಲ.

ದಡದಲ್ಲಿ ಇಳಿದು ನೋಡಿದರೆ ಕಡಲ್ಕೊರೆತ! ನಾನು ಉಳ್ಳಾಲದ ಕಡೆಯವಳು, ಮಳೆಗಾಲದಲ್ಲಿ ಇದನ್ನು ನೋಡಿಯೇ ಬೆಳೆದವಳು. ಇಳಿಜಾರಾಗಿ ನೀರಿಗೆ ಸೇರಬೇಕಾದ ಮರಳನ್ನು ಯಾರೋ ಕತ್ತಿಯಲ್ಲಿ ಕಡಿದ ಹಾಗೆ ನನ್ನ ಸೊಂಟದೆತ್ತರಕ್ಕೆ ನೆಟ್ಟಗೆ ನಿಂತಿತ್ತು. ಅದರಿಂದ ಗಾಳಿ ಮರದ (ಸರ್ವೆ ಮರದ) ಬೇರುಗಳು ಜಡೆ ಬಿಚ್ಚಿದ ಹಾಗೆ ಜೋತುಬಿದ್ದಿದ್ದವು. “ಇದು ನಮ್ಮ ಸೋಮೇಶ್ವರದ ಹಾಗೇ ಅಲ್ವಾ” ಅಂದರು ಅಮ್ಮ. ನಮ್ಮಲ್ಲಿ ಕಡಲು ತಡೆಯಲಿ ಅಂತ ಗಾಳಿ ಮರ ನೆಡುತ್ತಾರೆ. ಬಹಾಮಾಸ್‌ನಲ್ಲಿ ಅದು ಹೊರಗಿನಿಂದ ಬಂದ ಮರ, ದಂಡೆಗೆ ಹಾನಿ ಮಾಡುವ ಮರ. ಬೇರು ಆಳಕ್ಕೆ ಹೋಗುವುದಿಲ್ಲ, ಬಿರುಗಾಳಿಗೆ ಉರುಳುತ್ತದೆ, ಮರಳು ಹಿಡಿದಿಡುವ ಅಲ್ಲಿಯ ಗಿಡಗಳನ್ನು ಬೆಳೆಯಲೂ ಬಿಡುವುದಿಲ್ಲ.

ಕಬಾನಾ ಇತ್ತು. ಅದರ ಮುಂದೆ ದಂಡೆ ಇರಲಿಲ್ಲ. ಮೆಟ್ಟಿಲು ಕೊಚ್ಚಿಹೋಗಿ ಹಳದಿ ಹಗ್ಗ ಕಟ್ಟಿದ್ದರು. ನೀರಿಗೆ ಇಳಿಯಬೇಕಾದರೆ ದೋಣಿ ಕಟ್ಟೆವರೆಗೆ ನಡೆಯಬೇಕು, ಅಲ್ಲಿ ಉಳಿದಿದ್ದ ಒಂದು ತುಂಡು ಮರಳಲ್ಲಿ ಇಡೀ ಹಡಗಿನ ಜನ. ನನಗೆ ಗದ್ದಲ ಆಗುವುದೇ ಇಲ್ಲ, ಹಾಗಾಗಿ ಇದು ಇನ್ನೂ ಕಷ್ಟ ಅನಿಸಿರಬಹುದು. ಮುಖವಾಡ, ಕೊಳವೆ ಹಾಕಿಕೊಂಡು ನೀರೊಳಗಿನ ಮೀನು ನೋಡುವ ಸ್ನಾರ್ಕೆಲ್ ಜಾಗ ಮುಚ್ಚಿತ್ತು, ನೀರು ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಿತ್ತು.

ನಿಕೋಲ್ ದೊಡ್ಡ ಬಿರುಗಾಳಿ ಏನಲ್ಲ, ಐದು ದರ್ಜೆಗಳಲ್ಲಿ ಎಲ್ಲಕ್ಕಿಂತ ಕೆಳಗಿನ ಒಂದನೇ ದರ್ಜೆ. ಗಾಳಿ ಗಂಟೆಗೆ 120 ಕಿ.ಮೀ. ಅಷ್ಟೇ. 2019ರ ಡೋರಿಯನ್ ಐದನೇ ದರ್ಜೆ, ಗಂಟೆಗೆ 295 ಕಿ.ಮೀ. ಆದರೆ ನಿಕೋಲ್ ತುಂಬ ಅಗಲವಾಗಿತ್ತು, ಮತ್ತು ಬಂದದ್ದು ಹುಣ್ಣಿಮೆಯ ಮರುದಿನ. ಆ ಕಾರ್ತಿಕ ಹುಣ್ಣಿಮೆಗೆ ಚಂದ್ರಗ್ರಹಣವೂ ಆಗಿತ್ತಲ್ಲ, ಅದೇ. ಹುಣ್ಣಿಮೆಯ ದೊಡ್ಡ ಉಬ್ಬರದ ಮೇಲೆ ಅಲೆ ಬಡಿದರೆ ಮರಳು ಉಳಿಯುವುದಿಲ್ಲ. ಗಾಳಿ ಒಂದು ದಿನದಲ್ಲಿ ಹೋಗುತ್ತದೆ, ಮರಳು ವಾಪಸ್ ಬರಲು ತಿಂಗಳುಗಟ್ಟಲೆ ಬೇಕು. ಅದಕ್ಕೇ ದರ್ಜೆಯ ನಂಬರ್ ನೋಡಿ ಸಮಾಧಾನ ಮಾಡಿಕೊಳ್ಳಬೇಡಿ.

ಬಿರುಗಾಳಿ ಕಾಲ ಜೂನ್ 1ರಿಂದ ನವೆಂಬರ್ 30. ಈ ತಿಂಗಳುಗಳಲ್ಲಿ, ಅಥವಾ ಅದಾದ ಕೂಡಲೇ ಹೋಗುವವರು ‘ತೆರೆದಿದೆಯಾ’ ಅಂತ ಸುಮ್ನೆ ಕೇಳಬೇಡಿ. ಯಾವ ಬೀಚ್ ತೆರೆದಿದೆ, ಕಬಾನಾ ಮುಂದೆ ಮರಳಿದೆಯಾ, ಸ್ನಾರ್ಕೆಲ್ ಇದೆಯಾ, ಗಾಲಿಕುರ್ಚಿ ಹೋಗುತ್ತದಾ ಅಂತ ಒಂದೊಂದೇ ಕೇಳಿ, ಉತ್ತರ ಇಮೇಲ್‌ನಲ್ಲಿ ತರಿಸಿಕೊಳ್ಳಿ. ಆ ವಾರ ಹೋಗಿ ಬಂದವರ ವಿಡಿಯೋ ಹುಡುಕಿ, ತಾರೀಖು ನೋಡಿ. ನಾವು ಹೋದಾಗ ಕೊಕೊಕೇ, ಕ್ಯಾಸ್ಟವೇ ಕೇ, ಓಷನ್ ಕೇ ದ್ವೀಪಗಳಲ್ಲಿ ಹಡಗು ನಿಲ್ಲುವ ಕಟ್ಟೆ ಇತ್ತು, ಹಾಫ್ ಮೂನ್ ಕೇ ಮತ್ತು ಪ್ರಿನ್ಸೆಸ್ ಕೇಸ್‌ಗೆ ದೋಣಿಯೇ ಗತಿಯಾಗಿತ್ತು. ಮಂಡಿ ನೋವಿದ್ದವರಿಗೆ ಕಟ್ಟೆ ಇರುವ ದ್ವೀಪವೇ ಸರಿ. ಕಟ್ಟೆ ಇದ್ದರೂ ಜೋರು ಗಾಳಿಗೆ ನಿಲ್ಲಲಾಗದೆ ಹಡಗು ಮುಂದೆ ಹೋಗುವುದುಂಟು. ಯಾವ ನಿಲ್ದಾಣವನ್ನಾದರೂ ಬಿಡಬಹುದು ಅಂತ ಟಿಕೆಟ್ ಕರಾರಿನಲ್ಲೇ ಇರುತ್ತದೆ, ಸಾಮಾನ್ಯವಾಗಿ ವಾಪಸ್ ಬರುವುದು ಬಂದರು ಶುಲ್ಕ ಮಾತ್ರ. ಇನ್ಶೂರೆನ್ಸ್ ಮಾಡಿಸುವುದಾದರೆ ಬಿರುಗಾಳಿಗೆ ಹೆಸರಿಡುವ ಮುಂಚೆಯೇ ಮಾಡಿಸಿ, ಆಮೇಲೆ ಕೊಂಡ ಪಾಲಿಸಿ ಆ ಬಿರುಗಾಳಿಗೆ ಸಾಮಾನ್ಯವಾಗಿ ನಡೆಯುವುದಿಲ್ಲ. ನಾನು ಹಗ್ಗ, ಮುರಿದ ಮೆಟ್ಟಿಲು ಎಲ್ಲದರ ಫೋಟೋ ಹಿಡಿದು ಹಡಗಿನ ಕೌಂಟರಿನಲ್ಲಿ ಮೂರು ಸಲ ನಿಂತೆ. 350ರಲ್ಲಿ 175 ವಾಪಸ್ ಬಂತು, ಅದೂ ಹಡಗಿನಲ್ಲೇ ಖರ್ಚು ಮಾಡಬೇಕು ಅಂತ.

ಬಹಾಮಾಸ್ ರಾಜಧಾನಿ ನಸ್ಸಾವ್‌ನಲ್ಲಿ ಮಾತ್ರ ಹೊಟ್ಟೆ, ಮನಸ್ಸು ಎರಡೂ ತುಂಬಿತು. ಬಂದರಿನಿಂದ ಪಶ್ಚಿಮಕ್ಕೆ ಸುಮಾರು ಎರಡು ಕಿ.ಮೀ. ದೂರದ ಅರಾವಾಕ್ ಕೇಯಲ್ಲಿ ಫಿಶ್ ಫ್ರೈ ಅಂತ ಬಣ್ಣ ಬಣ್ಣದ ಗೂಡಂಗಡಿಗಳ ಸಾಲಿದೆ. ದೊಡ್ಡ ಬೋರ್ಡಿನವನ್ನು ದಾಟಿ ಹಿಂದಿನ ಚಿಕ್ಕ ಅಂಗಡಿಗಳಿಗೆ ಹೋಗಿ. ಅಂಗಡಿಯವನು ಕಾಂಕ್ ಅನ್ನುವ ದೊಡ್ಡ ಶಂಖದ ನೆತ್ತಿಗೆ ಸುತ್ತಿಗೆಯಿಂದ ಒಂದೇ ಏಟು ಹಾಕಿ, ಆ ತೂತಿನಲ್ಲಿ ಚಾಕು ತೂರಿಸಿ, ಮಾಂಸ ಎಳೆದು, ನಮ್ಮ ಕಣ್ಣೆದುರೇ ಹಲ್ಲಿನಷ್ಟು ಚಿಕ್ಕದಾಗಿ ಹೆಚ್ಚಿದ. ಈರುಳ್ಳಿ, ಟೊಮೆಟೊ, ದೊಣ್ಣೆ ಮೆಣಸು, ಗೋಟ್ ಪೆಪ್ಪರ್ ಅನ್ನುವ ಘಾಟು ಮೆಣಸು, ಮೇಲೆ ನಿಂಬೆ ಮತ್ತು ಕಿತ್ತಳೆ ಹಿಂಡಿದ. ಬೇಯಿಸುವುದಿಲ್ಲ. ನಮ್ಮೂರಿನ ಮರುವಾಯಿ (ಚಿಪ್ಪು) ತಿಂದು ಬೆಳೆದ ಅಮ್ಮ ಎರಡನೇ ಬಟ್ಟಲು ಕೇಳಿದರು. ಜೊತೆಗೆ ಪೀಸ್ ಅಂಡ್ ರೈಸ್ ಅನ್ನುವ ಕಾಳು ಹಾಕಿದ ಅನ್ನ, ಅದರ ಕಾಳು ನಮ್ಮ ತೊಗರಿಯೇ! ಸಸ್ಯಾಹಾರಿಗಳು ಹುಷಾರು, ಅದರಲ್ಲಿ ಹೆಚ್ಚಾಗಿ ಹಂದಿ ಮಾಂಸದ ಚೂರು ಹಾಕುತ್ತಾರೆ, ಕೇಳಿಕೊಂಡೇ ತಿನ್ನಿ. ಮೂವರಿಗೂ ಸೇರಿ 40 ಡಾಲರ್ ದಾಟಲಿಲ್ಲ.

ತಟ್ಟೆ ತಂದುಕೊಟ್ಟ ಹೆಂಗಸು ಅಬಾಕೋದ ಮಾರ್ಷ್ ಹಾರ್ಬರ್‌ನವರು. ಡೋರಿಯನ್‌ನಲ್ಲಿ ಮನೆ ಹೋಯಿತು, ಮಕ್ಕಳ ಜೊತೆ ಇಲ್ಲಿಗೆ ಬಂದೆವು, ಈ ಸಲವೂ ಗಾಳಿ ಶುರುವಾದಾಗ ರಾತ್ರಿಯಿಡೀ ಕೂತೇ ಇದ್ದೆವು ಅಂದರು. ನಾನು ಅಷ್ಟನ್ನು ಅಮ್ಮನಿಗೆ ಕನ್ನಡದಲ್ಲಿ ಹೇಳಿದೆ. ಅಮ್ಮ ಅವರ ಕೈ ಹಿಡಿದುಕೊಂಡು ಎಷ್ಟೋ ಹೊತ್ತು ಬಿಡಲಿಲ್ಲ.

ಫಿಶ್ ಫ್ರೈಗೆ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಹೋಗಿ, ಆಮೇಲೆ ಕೂರಲು ಜಾಗ ಸಿಗುವುದಿಲ್ಲ. ಅಮೆರಿಕದ ಡಾಲರ್ ನಡೆಯುತ್ತದೆ, ಚಿಲ್ಲರೆ ನೋಟು ಇಟ್ಟುಕೊಳ್ಳಿ.