ಮರುವಾಯಿ ನೆನೆಹಾಕಿದ ನೀರು

ಮುಲ್ಕಿಯ ಅಳಿವೆಯಿಂದ ಮರುವಾಯಿ ಎಂಬ ಚಿಪ್ಪುಜೀವಿಯನ್ನು ತಂದ ದಿನ ನಮ್ಮ ಮನೆಯಲ್ಲಿ ಅದನ್ನು ಬೇಯಿಸುವ ಕ್ರಮವಿಲ್ಲ. ರಾತ್ರಿಯಿಡೀ ಉಪ್ಪುನೀರಿನಲ್ಲಿಟ್ಟು ಕೆಸರನ್ನೆಲ್ಲ ಕಕ್ಕಿಸಿದ ಮೇಲೆಯೇ ಅಮ್ಮ ಪುಂಡಿಗೆ, ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿಯುಂಡೆಗೆ, ಅಕ್ಕಿ ರುಬ್ಬುವುದು. ಕಳೆದ ಸಲ ಆ ಪಾತ್ರೆಯ ತಳದಲ್ಲಿ, ಮರಳಿನ ನಡುವೆ, ಕೂದಲಿಗಿಂತ ತುಸು ದಪ್ಪದ ನೀಲಿ ಎಳೆಯೊಂದು ಕಂಡಿತು. ಬಲೆಯ ಹಗ್ಗದ್ದಿರಬೇಕು ಎಂದರು ಅಮ್ಮ. ಅವರು ತೊಟ್ಟಿದ್ದ ನೈಟಿಯೂ ಅದೇ ನೀಲಿಯದಾಗಿತ್ತು.

ಐದು ಮಿಲಿಮೀಟರ್‌ಗಿಂತ ಚಿಕ್ಕದಾದ ಪ್ಲಾಸ್ಟಿಕ್ ಚೂರುಗಳನ್ನು ಮೈಕ್ರೋಪ್ಲಾಸ್ಟಿಕ್ ಎನ್ನುತ್ತಾರೆ. ಬಂಗುಡೆ, ಬೂತಾಯಿಗಳೂ ಕಿವಿರಿನ ಜರಡಿಯಲ್ಲಿ ನೀರು ಸೋಸಿಯೇ ಹೊಟ್ಟೆ ಹೊರೆಯುವುದರಿಂದ ಅವುಗಳ ಕರುಳಿಗೂ ಈ ಚೂರುಗಳು ಸೇರುತ್ತವೆ, ಆದರೆ ಆ ಕರುಳನ್ನು ನಾವು ಮೀನು ಸ್ವಚ್ಛ ಮಾಡುವಾಗ ಬೆಕ್ಕಿಗೆ ಎಸೆಯುತ್ತೇವೆ. ಮರುವಾಯಿ ಮತ್ತು ಅದರಂತೆಯೇ ಚಿಪ್ಪಿನೊಳಗೆ ಬದುಕುವ ಪಚ್ಚಿಲೆಗಳ ಮಾತು ಬೇರೆ. ದಿನವಿಡೀ ಲೀಟರುಗಟ್ಟಲೆ ನೀರನ್ನು ಒಳಗೆಳೆದು ಸೋಸುವ ಈ ಜೀವಿಗಳನ್ನು ನಾವು ಕರುಳಿನ ಸಮೇತ ತಿನ್ನುತ್ತೇವೆ. ಇಡಿಯಾಗಿ ಹುರಿಯುವ ಸಣ್ಣ ಒಣಮೀನುಗಳದ್ದೂ ಇದೇ ಕಥೆ.

ಹಾಗಾದರೆ ನೆನೆಹಾಕುವುದರಿಂದ ಪ್ರಯೋಜನವಿದೆಯೇ? 2014ರಲ್ಲಿ ಬೆಲ್ಜಿಯಂನ ಸಂಶೋಧಕರಿಬ್ಬರು ಉತ್ತರ ಸಮುದ್ರದಲ್ಲಿ ಸಾಕಿದ ಪಚ್ಚಿಲೆಗಳನ್ನು ಮೂರು ದಿನ ಶುದ್ಧ ನೀರಿನಲ್ಲಿಟ್ಟು ನೋಡಿದಾಗ, ಗ್ರಾಂ ಮಾಂಸಕ್ಕೆ ಸರಾಸರಿ 0.36ರಷ್ಟಿದ್ದ ಕಣಗಳು 0.24ಕ್ಕೆ ಇಳಿದಿದ್ದವು. ಮೂರರಲ್ಲೊಂದು ಪಾಲು ಹೋಯಿತು, ಉಳಿದದ್ದು ಉಳಿಯಿತು. ಚಿಪ್ಪುಜೀವಿಗಳನ್ನು ಧಾರಾಳವಾಗಿ ತಿನ್ನುವ ಯುರೋಪಿಯನ್ನರ ಹೊಟ್ಟೆಗೆ ವರ್ಷಕ್ಕೆ 11,000 ಕಣಗಳವರೆಗೆ ಸೇರಬಹುದೆಂದು ಅವರು ಲೆಕ್ಕ ಹಾಕಿದರು. ಪತ್ರಿಕೆಗಳು ಎತ್ತಿ ಹಿಡಿದದ್ದು ಈ ಕೊನೆಯ ಸಂಖ್ಯೆಯನ್ನೇ.

ಎಣಿಕೆಗಿಂತ ತೂಕವನ್ನು ನೋಡುವುದು ಲೇಸೆಂದು ನನಗನಿಸುತ್ತದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ 2017ರ ವರದಿಯ ಅಂದಾಜಿನಂತೆ, 225 ಗ್ರಾಂ ಪಚ್ಚಿಲೆ ತಿಂದವರ ಹೊಟ್ಟೆಗೆ ಹೋಗುವ ಪ್ಲಾಸ್ಟಿಕ್ ಸುಮಾರು 7 ಮೈಕ್ರೋಗ್ರಾಂ ಮಾತ್ರ. ಮರುವರ್ಷ ಸ್ಕಾಟ್ಲೆಂಡಿನಿಂದ ಬಂದ ಅಧ್ಯಯನವಂತೂ ಆ ನೀಲಿ ಎಳೆ ನೈಟಿಯದ್ದಿರಬಹುದೆಂಬ ಸಂಶಯಕ್ಕೇ ಬಲ ಕೊಡುವಂತಿದೆ: ಬ್ರಿಟನ್ನಿನಲ್ಲಿ ಪಚ್ಚಿಲೆಯಿಂದ ವರ್ಷಕ್ಕೆ ಒಬ್ಬರೊಳಗೆ ಸೇರುವ ಕಣಗಳು ನೂರರ ಲೆಕ್ಕದಲ್ಲಿದ್ದರೆ, ಊಟಕ್ಕೆ ಕುಳಿತಾಗ ಮನೆಯ ಧೂಳಿನೊಂದಿಗೆ ತಟ್ಟೆಗೆ ಬೀಳುವ ಎಳೆಗಳು ಹತ್ತು ಸಾವಿರವನ್ನು ದಾಟುತ್ತವೆ. ಪ್ರಯೋಗಾಲಯದಲ್ಲಿ ಈ ಕೆಲಸ ಮಾಡುವವರು ಹತ್ತಿಯ ಕೋಟನ್ನೇ ತೊಡುವುದು ಈ ಕಾರಣಕ್ಕೆ.

ಇದನ್ನು ಹೇಳಿದ ಮಾತ್ರಕ್ಕೆ ಕಣಗಳು ನಿರುಪದ್ರವಿ ಎಂದಾಗುವುದಿಲ್ಲ. 2024ರಲ್ಲಿ ಇಟಲಿಯ ವೈದ್ಯರು ಕತ್ತಿನ ರಕ್ತನಾಳದಿಂದ ತೆಗೆದ ಕೊಬ್ಬಿನ ಗಡ್ಡೆಗಳಲ್ಲಿ ಪ್ಲಾಸ್ಟಿಕ್ ಕಂಡರು; ಅದು ಸಿಕ್ಕಿದ ರೋಗಿಗಳಲ್ಲಿ ಮುಂದೆ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಸಂಭವ ಉಳಿದವರಿಗಿಂತ ನಾಲ್ಕು ಪಟ್ಟಿಗೂ ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣವೆಂದು ಅದರಿಂದ ಸಿದ್ಧವಾಗದಿದ್ದರೂ ಅಲಕ್ಷಿಸುವ ಮಾತೂ ಅದಲ್ಲ.

ಮರುವಾಯಿಯನ್ನು ನಾವು ಬಿಟ್ಟಿಲ್ಲ. ಅಮ್ಮ ಈಗ ನೀರನ್ನು ಎರಡು ಬಾರಿ ಬದಲಿಸುತ್ತಾರೆ, ಪಾತ್ರೆಯ ಮೇಲೆ ಬಿದಿರಿನ ತಟ್ಟಿಯೊಂದನ್ನು ಮುಚ್ಚುತ್ತಾರೆ, ಮತ್ತು ಕಕ್ಕಿಸಿದ ನೀರನ್ನು ತೋಡಿಗೆ ಚೆಲ್ಲದೆ ತೆಂಗಿನ ಬುಡಕ್ಕೆ ಹೊಯ್ಯುತ್ತಾರೆ.